ಆನೆಯ ಕಾಲು ಇನ್ನೂ ಮೊಸಳೆಯ ಬಾಯಲ್ಲೇ ಇದೆ

ಅಮ್ಮನಿಗೆ ಸ್ಟ್ರೋಕ್ ಆಗಿ ಏಳು ತಿಂಗಳಾಯಿತು. ಬಲಗೈ, ಬಲಗಾಲು ಎರಡೂ ಬಿದ್ದುಹೋಗಿದ್ದವು. ಮಾತು ತೊದಲುತ್ತಿತ್ತು. ಮೊದಲ ಮೂರು ವಾರ ದೇವರ ಮುಂದೆ ಕೂತರೂ ನನ್ನ ಬಾಯಿಂದ ಏನೂ ಹೊರಡುತ್ತಿರಲಿಲ್ಲ. ಚಿಕ್ಕಂದಿನಿಂದ ಬಾಯಿಪಾಠ ಇದ್ದ ಸಹಸ್ರನಾಮ ನಾಲ್ಕನೇ ಸಾಲಿಗೇ ನಿಂತುಬಿಡುತ್ತಿತ್ತು. ಒಂದು ರಾತ್ರಿ ನಿದ್ದೆ ಬಾರದೆ, ಸುಮ್ನೆ ಹಲಗೆ ತೆಗೆದು ಕೂತೆ.

ನಾನು ಹನ್ನೊಂದು ವರ್ಷದಿಂದ ಮೈಸೂರು ಶೈಲಿಯ ದೇವರ ಚಿತ್ರಗಳನ್ನು ಬರೆಯುತ್ತಿದ್ದೇನೆ. ಗೃಹಪ್ರವೇಶಕ್ಕೆ ಲಕ್ಷ್ಮಿ, ಮದುವೆಗೆ ಪಟ್ಟಾಭಿಷೇಕ, ಹೀಗೆ ಯಾರಾದರೂ ಹೇಳಿ ಬರೆಸಿಕೊಳ್ಳುತ್ತಿದ್ದರು. ಈ ಸಲ ಯಾರೂ ಕೇಳಿರಲಿಲ್ಲ. ಕೈ ತಾನಾಗಿ ಗಜೇಂದ್ರ ಮೋಕ್ಷದ ರೇಖೆ ಹಾಕಿತು.

ಈ ಕೆಲಸ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳುತ್ತೇನೆ. ಹಿಂದಿನವರು ಹುಣಸೆ ಕಡ್ಡಿ ಸುಟ್ಟ ಇದ್ದಿಲಿನಲ್ಲಿ ರೇಖೆ ಹಾಕುತ್ತಿದ್ದರು, ನಾವು ಪೆನ್ಸಿಲ್ ಹಿಡಿಯುತ್ತೇವೆ. ಆಮೇಲೆ ಸಫೇದ ಅನ್ನುವ ಬಿಳಿ ಪುಡಿಯನ್ನು ಗೋಂದಿನ ಜೊತೆ ನುಣ್ಣಗೆ ಅರೆಯಬೇಕು. ಅದನ್ನು ಕುಂಚದ ತುದಿಯಲ್ಲಿ ತೆಗೆದುಕೊಂಡು ಕಿರೀಟ, ಒಡವೆ, ಸೀರೆಯ ಅಂಚಿನ ಮೇಲೆ ಸಣ್ಣ ಸಣ್ಣ ಉಬ್ಬು ಇಡಬೇಕು. ತಂಜಾವೂರಿನವರದು ದಪ್ಪ ಉಬ್ಬು, ನಮ್ಮದು ಬೆರಳಾಡಿಸಿದರೆ ಮಾತ್ರ ತಿಳಿಯುವಷ್ಟು. ಗರುಡನ ಒಂದು ರೆಕ್ಕೆಗೆ ನನಗೆ ಆರು ರಾತ್ರಿ ಹಿಡಿಯಿತು. ಆಮೇಲೆ ಚಿನ್ನದ ರೇಕು, ಅಂದರೆ ತೀರಾ ತೆಳು ಹಾಳೆ. ಅದನ್ನು ಅಂಟಿಸುವಾಗ ಫ್ಯಾನ್ ಆರಿಸಬೇಕು, ಕಿಟಕಿ ಮುಚ್ಚಬೇಕು, ಉಸಿರು ಬಿಗಿಹಿಡಿಯಬೇಕು. ಜೋರಾಗಿ ಉಸಿರು ಬಿಟ್ಟರೂ ಹಾರಿಹೋಗುತ್ತದೆ. ಮನಸ್ಸು ಆಸ್ಪತ್ರೆಯ ಬಿಲ್ಲಿನ ಕಡೆ ಹೋಯಿತೋ, ಕೈ ನಡುಗುತ್ತದೆ, ರೇಕು ಹರಿಯುತ್ತದೆ. ಹಾಗಾಗಿ ಮನಸ್ಸು ಅಲ್ಲೇ ಕೂತಿರಲೇಬೇಕು. ಮೂರು ವಾರ ನನಗೆ ಸಿಗದಿದ್ದದ್ದು ಅದೇ ಅಲ್ವಾ?

ಗೆಳತಿಯರು ಕೇಳಿದರು, "ಹರಕೆನಾ?" ಅಂತ. ಅಲ್ಲ. ಚಿತ್ರ ಮುಗಿಸಿದರೆ ಅಮ್ಮನನ್ನು ನಡೆಸು ಅಂತ ನಾನು ದೇವರ ಹತ್ತಿರ ಲೆಕ್ಕ ಇಟ್ಟಿಲ್ಲ. ಅಮ್ಮನ ಕಾಲಿಗೆ ಬಲ ಕೊಟ್ಟದ್ದು ಡಾಕ್ಟರು, ಮಾತ್ರೆ, ದಿನಾ ಬೆಳಗ್ಗೆ ಬರುವ ಫಿಸಿಯೋಥೆರಪಿಯ ಹುಡುಗಿ. ಆ ಹುಡುಗಿಗೆ ನಾನು ಕೈ ಮುಗಿಯುತ್ತೇನೆ. ಚಿತ್ರ ಕೊಟ್ಟದ್ದು ಬೇರೆ. ಅದೇನು ಅಂತ ಹೇಳೋಕೆ ಕಷ್ಟ, ಆದರೂ ಪ್ರಯತ್ನಿಸುತ್ತೇನೆ.

ಗಜೇಂದ್ರ ಮೋಕ್ಷದ ಯಾವ ಚಿತ್ರ ಬೇಕಾದರೂ ನೋಡಿ. ಹೆಸರು ಮೋಕ್ಷ. ಆದರೆ ಹೆಚ್ಚಿನ ಚಿತ್ರಗಳಲ್ಲಿ ಆನೆಗೆ ಇನ್ನೂ ಬಿಡುಗಡೆ ಆಗಿರುವುದಿಲ್ಲ. ಕಾಲು ಮೊಸಳೆಯ ಬಾಯಲ್ಲೇ ಇರುತ್ತದೆ. ಸೊಂಡಿಲಲ್ಲಿ ಒಂದು ತಾವರೆ. ಮೇಲೆ ವಿಷ್ಣುವನ್ನು ಹೊತ್ತ ಗರುಡ ಇಳಿಯುತ್ತಿದ್ದಾನೆ, ಚಕ್ರ ವಿಷ್ಣುವಿನ ಕೈಯಲ್ಲಿದೆ. ಕಥೆಯಲ್ಲಿ ಆನೆ ಸಾವಿರ ವರ್ಷ ಹೋರಾಡಿತು, ಬಿಡುಗಡೆಯೂ ಆಯಿತು. ಎರಡನ್ನೂ ಬಿಟ್ಟು, ನಮ್ಮ ಚಿತ್ರಗಾರರು ಈ ಒಂದು ಗಳಿಗೆಯನ್ನು ಆರಿಸಿಕೊಂಡರು. ನೋವು ಹೋಗಿಲ್ಲ, ಆದರೆ ಬರುವವನು ಹೊರಟಾಗಿದೆ. ನಾನು ಏಳು ತಿಂಗಳಿಂದ ಇರುವುದು ಆ ಗಳಿಗೆಯಲ್ಲೇ. ಕನ್ನಡದಲ್ಲಿ ಚಿತ್ರ ಬಿಡಿಸುವುದಕ್ಕೂ ಕಾಲು ಬಿಡಿಸುವುದಕ್ಕೂ ಒಂದೇ ಮಾತು. ಇಷ್ಟು ವರ್ಷ ಆ ಮಾತು ಆಡಿದ್ದೇನೆ, ಅರ್ಥ ಹೊಳೆದದ್ದು ಈಗ.

ಮುಮ್ಮಡಿ ಕೃಷ್ಣರಾಜ ಒಡೆಯರ ನೆನಪು ಇತ್ತೀಚೆಗೆ ಜಾಸ್ತಿ ಆಗುತ್ತಿದೆ. 1831ರಲ್ಲಿ ಬ್ರಿಟಿಷರು ಅವರ ಕೈಯಿಂದ ಆಡಳಿತ ಕಿತ್ತುಕೊಂಡರು. ಅವರು ವಾಪಸ್ ಕೊಡಿ ಅಂತ ಕೇಳುತ್ತಲೇ ಇದ್ದರು. ಚಿತ್ರಗಾರರಿಗೆ ಆಸರೆ ಕೊಡುವುದನ್ನೂ ಬಿಡಲಿಲ್ಲ. ಯಾವ ದೇವರಿಗೆ ಎಷ್ಟು ಕೈ, ಯಾವ ಆಯುಧ, ಮೈಬಣ್ಣ ಯಾವುದು ಎಂದು ಧ್ಯಾನಶ್ಲೋಕಗಳ ಸಮೇತ ಹೇಳುವ, ನಿಧಿ ಎಂಬ ಒಂಬತ್ತು ಭಾಗಗಳ 'ಶ್ರೀತತ್ತ್ವನಿಧಿ' ಗ್ರಂಥ ಸಿದ್ಧವಾದದ್ದು ಅವರ ಆಶ್ರಯದಲ್ಲೇ. 1861ರಲ್ಲಿ ಜಗನ್ಮೋಹನ ಅರಮನೆ ಎದ್ದಿತು, ಅಲ್ಲಿನ ರಂಗಮಹಲಿನ ಗೋಡೆಗಳ ಮೇಲೆ ಚಿತ್ರ ತುಂಬಿತು. 1868ರಲ್ಲಿ ಅವರು ತೀರಿಕೊಂಡರು. ರಾಜ್ಯ ಒಡೆಯರ ಮನೆತನಕ್ಕೆ ಮರಳಿದ್ದು 1881ರಲ್ಲಿ. ಅವರು ನೋಡಲಿಲ್ಲ. ಆದರೂ ದೇವರುಗಳನ್ನು ಬರೆಸುತ್ತಲೇ ಇದ್ದರಲ್ಲ, ಅದನ್ನು ಕಾಲಕ್ಷೇಪ ಅನ್ನೋಕೆ ನನಗೆ ಮನಸ್ಸು ಬರುವುದಿಲ್ಲ.

ಬರೆದವರ ಹೆಸರು ಆ ಹಳೆಯ ಚಿತ್ರಗಳಲ್ಲಿ ಬಹುತೇಕ ಇಲ್ಲವೇ ಇಲ್ಲ. ಅವರ ಮನೆಯಲ್ಲೂ ಯಾರೋ ಮಲಗಿದ್ದಿರಬಹುದು. ಯಾವುದೋ ರೇಖೆ ಹಾಕುವಾಗ ಯಾರನ್ನೋ ನೆನೆದಿರಬಹುದು. ದಯವಿಟ್ಟು ಈ ಚಿತ್ರಗಳನ್ನು ಬರೀ ಹಾಲ್‌ಗೆ ಒಪ್ಪುವ ಅಲಂಕಾರ ಅಂತ ನೋಡಬೇಡಿ. ಹತ್ತಿರ ಹೋಗಿ, ಒಂದು ಒಡವೆಯ ಮುಂದೆ ಐದು ನಿಮಿಷ ನಿಲ್ಲಿ.

ಹೋದ ತಿಂಗಳು ರೇಕು ಹಾಕುವಾಗ ಅಮ್ಮ ಪಕ್ಕದಲ್ಲೇ ಕೂತಿದ್ದಳು. ಬಲಗೈಗೆ ಏನಾದರೂ ಕೆಲಸ ಕೊಡಿ ಅಂತ ಫಿಸಿಯೋಥೆರಪಿಯ ಹುಡುಗಿ ಹೇಳಿದ್ದಳು. ಹತ್ತಿ ಕೊಟ್ಟು, ಗರುಡನ ರೆಕ್ಕೆ ಮೇಲೆ ಮೆಲ್ಲಗೆ ಒತ್ತಮ್ಮ ಅಂದೆ. ಒತ್ತಿದಳು. ಒಂದು ಕಡೆ ರೇಕು ಸುಕ್ಕಾಯಿತು. ಅದನ್ನು ನಾನು ಸರಿ ಮಾಡಿಲ್ಲ, ಮಾಡುವುದೂ ಇಲ್ಲ.

ಬಣ್ಣ ಎಲ್ಲಾ ಮುಗಿದಿದೆ. ಕಣ್ಣು ಬಾಕಿ, ಅದನ್ನು ನಾವು ಕೊನೆಗೇ ಬರೆಯುವುದು. ಅಮ್ಮ ದಿನಾ ಸಂಜೆ ಗೋಡೆ ಹಿಡಿದುಕೊಂಡು ನನ್ನ ಕೋಣೆವರೆಗೂ ಬಂದು ಕೇಳುತ್ತಾಳೆ, "ಕಣ್ಣು ಯಾವತ್ತು ಬಿಡಿಸ್ತೀಯೇ?"