ಓವರ್‌ಟೈಮ್‌ಗೆ ದುಡ್ಡು ಬರುತ್ತೆ, ಹೆಣ ಎತ್ತೋದು ಊರಿನ ಖರ್ಚು

ಅಮೆರಿಕದ ಗಡಿ ಭದ್ರತೆಯ ಮಾತು ಬಂದರೆ ನಮ್ಮ ವಾಟ್ಸಾಪ್ ಗುಂಪುಗಳಲ್ಲಿ ಎರಡೇ ಪಕ್ಷ. ಒಬ್ಬರಿಗೆ ಇನ್ನೂ ದುಡ್ಡು ಸುರಿಯಬೇಕು, ಇನ್ನೊಬ್ಬರಿಗೆ ಎಲ್ಲಾ ನಿಲ್ಲಿಸಬೇಕು. ಆ ದುಡ್ಡು ಗಡಿ ಕಡೆಯ ಸಣ್ಣ ಊರಿಗೆ ಹೋಗಿ ಏನಾಗುತ್ತದೆ ಅಂತ ಕೇಳುವವರು ಕಡಿಮೆ. ಟೆಕ್ಸಾಸ್‌ಗೆ ಬಂದ ಮೇಲೆ ನನಗೆ ಹಿಡಿದ ಹುಚ್ಚು ಇದೇ. ಸ್ವಲ್ಪ ಉದ್ದ ಬರೆಯುತ್ತೇನೆ, ಸಹಿಸಿಕೊಳ್ಳಿ.

ಆಪರೇಷನ್ ಸ್ಟೋನ್‌ಗಾರ್ಡನ್ ಅಂತ ಒಂದು ಯೋಜನೆ ಇದೆ. ದುಡ್ಡು ಕೇಂದ್ರ ಸರ್ಕಾರದ್ದು. ಹಂಚುವುದು ಫೆಮಾ, ಅಂದ್ರೆ ನೆರೆ, ಚಂಡಮಾರುತ ಬಂದಾಗ ಹೆಸರು ಕೇಳಿಬರುವ ಇಲಾಖೆ. ಪಡೆಯುವವರು ಕೌಂಟಿಯ (ನಮ್ಮ ಜಿಲ್ಲೆಯ ಹಾಗೆ) ಶೆರಿಫ್ ಕಚೇರಿ, ಅಂದ್ರೆ ಕೌಂಟಿ ಪೊಲೀಸರು, ಮತ್ತು ಊರಿನ ಪೊಲೀಸರು. ಆದರೆ ಏನು ಮಾಡುತ್ತೀರಿ ಅನ್ನೋ ಪ್ಲಾನಿಗೆ ಕೇಂದ್ರದ ಗಡಿ ಕಾವಲು ಪಡೆ ಬಾರ್ಡರ್ ಪ್ಯಾಟ್ರೋಲ್‌ನ ಒಪ್ಪಿಗೆ ಬೇಕು. ಮೆಕ್ಸಿಕೋ ಗಡಿ ಮಾತ್ರ ಅಲ್ಲ, ಕೆನಡಾ ಗಡಿ, ಕರಾವಳಿಯ ಕೌಂಟಿಗಳೂ ಅರ್ಜಿ ಹಾಕಬಹುದು. 2019ರಿಂದ 2023ರವರೆಗೆ ವರ್ಷಕ್ಕೆ 9 ಕೋಟಿ ಡಾಲರ್ ಸಿಕ್ಕಿತು. 2025ರ ಜುಲೈನಲ್ಲಿ ಟ್ರಂಪ್ ಸಹಿ ಹಾಕಿದ ದೊಡ್ಡ ಕಾನೂನಿನಲ್ಲಿ ಇದಕ್ಕೇ ಅಂತ 45 ಕೋಟಿ ಎತ್ತಿಟ್ಟರು. ತಮಾಷೆ ನೋಡಿ, ಅದೇ ವರ್ಷ ದಕ್ಷಿಣದ ಗಡಿ ದಾಟಿ ಸಿಕ್ಕಿಬಿದ್ದವರ ಸಂಖ್ಯೆ ಹಲವು ದಶಕಗಳಲ್ಲೇ ಅತಿ ಕಡಿಮೆ.

ಈ ದುಡ್ಡಲ್ಲಿ ಏನು ಮಾಡಬಹುದು? ಓವರ್‌ಟೈಮ್ ಕೊಡಬಹುದು, ಗಸ್ತು ಗಾಡಿಗೆ ಪೆಟ್ರೋಲ್ ಹಾಕಿಸಬಹುದು, ಕತ್ತಲಲ್ಲಿ ಕಾಣುವ ದುರ್ಬೀನು ಕೊಳ್ಳಬಹುದು. ಖಾಯಂ ಪೊಲೀಸರನ್ನು ಮಾತ್ರ ನೇಮಿಸಿಕೊಳ್ಳುವಂತಿಲ್ಲ. ಹತ್ತು ಜನ ಮಾಡುವ ಕೆಲಸಕ್ಕೆ ನಾಲ್ಕು ಜನ ಇರುವ ಕಚೇರಿಗೆ ಓವರ್‌ಟೈಮ್ ಕೊಟ್ಟರೆ ಏನಾಗುತ್ತದೆ? ಅದೇ ನಾಲ್ಕು ಜನ ನಿದ್ದೆಗೆಟ್ಟು ಗಸ್ತು ತಿರುಗುತ್ತಾರೆ, ಅಷ್ಟೇ ಅಲ್ವಾ. ಇದರ ಮೇಲೆ, ಸಾಮಾನ್ಯವಾಗಿ ಕೌಂಟಿ ಮೊದಲು ಕೈಯಿಂದ ಖರ್ಚು ಮಾಡಿ, ಆಮೇಲೆ ಬಿಲ್ಲು ಕಳಿಸಿ ಕಾಯಬೇಕು. ದೊಡ್ಡ ಕೌಂಟಿಗೆ ಇದು ಲೆಕ್ಕಕ್ಕಿಲ್ಲ. ಸಣ್ಣದಕ್ಕೆ ಉಸಿರು ಕಟ್ಟುತ್ತದೆ.

ದಕ್ಷಿಣ ಟೆಕ್ಸಾಸ್‌ನ ಬ್ರೂಕ್ಸ್ ಕೌಂಟಿಯನ್ನೇ ತೆಗೆದುಕೊಳ್ಳಿ. ಸೌತ್ ಪಾಡ್ರೆ ಬೀಚಿಗೆ ಹೋಗಿಬರುವ ಸ್ಯಾನ್ ಆಂಟೋನಿಯೋ, ಆಸ್ಟಿನ್ ಕಡೆಯ ಕನ್ನಡದವರಿಗೆ ಜಾಗ ಗೊತ್ತಿರುತ್ತೆ, ಹೆಸರು ಗೊತ್ತಿರಲ್ಲ. ವಾಪಸ್ ಬರುವಾಗ 281ನೇ ಹೈವೇಯಲ್ಲಿ ಎಲ್ಲಾ ಕಾರುಗಳನ್ನೂ ಸಾಲಾಗಿ ಒಳಗೆ ತಿರುಗಿಸುತ್ತಾರಲ್ಲ, ಬಾರ್ಡರ್ ಪ್ಯಾಟ್ರೋಲ್‌ನವರು ವಲಸೆ ಕಾಗದ ನೋಡುವ ಫಾಲ್‌ಫುರಿಯಸ್ ಚೆಕ್‌ಪೋಸ್ಟ್, ಅದು ಇರುವುದು ಇಲ್ಲೇ. ಹಸಿರು ಸಮವಸ್ತ್ರದವರು, ಕಾರಿನ ಸುತ್ತ ಮೂಸುವ ನಾಯಿ, ‘ಎಲ್ಲರೂ ಸಿಟಿಜನ್‌ಗಳಾ?’ ಅನ್ನೋ ಪ್ರಶ್ನೆ. ಎಚ್‌-1ಬಿ ಕೆಲಸದ ವೀಸಾದವರು ಪಾಸ್‌ಪೋರ್ಟ್ ಕೈಯಲ್ಲೇ ಹಿಡಿದು ಕೂತಿರುತ್ತಾರೆ. ಟವೆಲ್ ಮರೆತರೂ ಪರವಾಗಿಲ್ಲ, ಪಾಸ್‌ಪೋರ್ಟ್ ಮರೆಯಬೇಡಿ ಅಂತ ಹೊಸಬರಿಗೆ ಹೇಳೋದು ಇದಕ್ಕೇ. ನಮಗಾದರೆ ಎರಡು ನಿಮಿಷ ಎದೆ ಢವಢವ, ಆಮೇಲೆ ಮುಂದಿನ ಬಂಕ್‌ನಲ್ಲಿ ಕಾಫಿ.

ಮೆಕ್ಸಿಕೋ ಅಲ್ಲಿಂದ ಸುಮಾರು 70 ಮೈಲಿ ದೂರ. ಕೌಂಟಿಯ ಜನಸಂಖ್ಯೆ ಏಳು ಸಾವಿರದ ಆಸುಪಾಸು. ಜನರನ್ನು ಕದ್ದು ಸಾಗಿಸುವವರು ಚೆಕ್‌ಪೋಸ್ಟ್‌ಗೆ ಮುಂಚೆಯೇ ಅವರನ್ನು ಇಳಿಸಿಬಿಡುತ್ತಾರೆ. ರಾಂಚ್‌ಗಳ, ಅಂದ್ರೆ ದನ ಸಾಕುವ ದೊಡ್ಡ ಜಮೀನುಗಳ, ಒಳಗಿಂದ ಸುತ್ತಿ ನಡೆಯಿರಿ, ಆ ಕಡೆ ಗಾಡಿ ಬರುತ್ತೆ ಅನ್ನುತ್ತಾರೆ. ಒಳಗೆ ಕಾಲು ಹೂತುಹೋಗುವ ಮರಳು, ನಮ್ಮ ಬಳ್ಳಾರಿ ಜಾಲಿಯ ದಾಯಾದಿ ಮೆಸ್ಕೀಟ್ ಮುಳ್ಳು, ಬೇಸಿಗೆಯಲ್ಲಿ ನಲವತ್ತು ಡಿಗ್ರಿ ಬಿಸಿಲು. ಹಿಂದೆ ಬಿದ್ದವರಿಗೆ ಯಾರೂ ಕಾಯುವುದಿಲ್ಲ. 2012ರಲ್ಲಿ ಒಂದೇ ವರ್ಷ ಈ ಕೌಂಟಿಯಲ್ಲಿ 129 ಹೆಣ ಸಿಕ್ಕವು.

ಹೆಣ ಸಿಕ್ಕಿತು ಅಂತ ಫೋನ್ ಬಂದರೆ ಹೋಗಬೇಕಾದವರು ಶೆರಿಫ್ ಕಡೆಯವರು. ಕೌಂಟಿಗೆ ಸ್ವಂತ ಮೆಡಿಕಲ್ ಎಕ್ಸಾಮಿನರ್ (ಸಾವಿನ ಕಾರಣ ಪತ್ತೆ ಮಾಡುವ ಸರ್ಕಾರಿ ವೈದ್ಯ) ಇಲ್ಲ, ಪೋಸ್ಟ್‌ಮಾರ್ಟಂಗೆ ಬೇರೆ ಊರಿಗೆ ಸಾಗಿಸಬೇಕು. ಗುರುತು ಸಿಗದಿದ್ದರೆ ಡಿಎನ್‌ಎ ಮಾದರಿ ತೆಗೆಯಬೇಕು ಅಂತ ಟೆಕ್ಸಾಸ್ ಕಾನೂನು. ಗಾಡಿ ಬಾಡಿಗೆ, ಶವಪರೀಕ್ಷೆ, ಹೂಳುವುದು, ಎಲ್ಲಾ ಕೌಂಟಿ ತಲೆ ಮೇಲೆ. ಸ್ಟೋನ್‌ಗಾರ್ಡನ್ ಇರುವುದು ಗಸ್ತಿಗೆ, ಈ ಬಿಲ್ಲು ಕಟ್ಟುವುದಕ್ಕಲ್ಲ. ಚೆಕ್‌ಪೋಸ್ಟ್ ಹಾಕಿದ್ದು ಕೇಂದ್ರ, ಅದನ್ನು ಸುತ್ತಿ ಹೋಗುವಾಗ ಸತ್ತವರ ಖರ್ಚು ಊರಿಗೆ. ಯಾವ ನ್ಯಾಯ ಇದು?

ಕೈಯಲ್ಲಿ ಕಾಸಿಲ್ಲದಾಗ ಏನೇನಾಗುತ್ತದೆ ಅಂತ ಫಾಲ್‌ಫುರಿಯಸ್‌ನ ಸ್ಮಶಾನದಲ್ಲಿ ಕಂಡಿತು. ಹೆಸರಿಲ್ಲದೆ ಹೂತಿದ್ದವರ ಗುರುತು ಹಿಡಿಯಲು 2013ರಲ್ಲಿ ಬೇಲರ್ ವಿಶ್ವವಿದ್ಯಾಲಯದವರು ಅಗೆಯಲು ಶುರು ಮಾಡಿದರು. ಕೆಲವು ಅವಶೇಷಗಳು ಕಸದ ಚೀಲದಲ್ಲಿದ್ದವು. ಗುರುತು ಪತ್ತೆಗೆ ಕೇಂದ್ರದ ಅನುದಾನ ಜಾಸ್ತಿ ಸಂಸ್ಥೆಗಳಿಗೆ ಸಿಗುವ ಹಾಗೆ ಕಾನೂನು ಬದಲಾಗಿದ್ದು 2020ರ ಕೊನೆಗೆ. ಆ 129 ಹೆಣ ಸಿಕ್ಕು ಎಂಟು ವರ್ಷ ಕಳೆದಿತ್ತು.

ಓವರ್‌ಟೈಮ್‌ನಿಂದ ಏನು ಸಾಧನೆ ಆಯಿತು ಅಂತ ಕೇಂದ್ರಕ್ಕೆ ಗೊತ್ತಾ? 2017ರಲ್ಲಿ ಹೋಮ್‌ಲ್ಯಾಂಡ್ ಸೆಕ್ಯೂರಿಟಿ, ಅಂದ್ರೆ ಕೇಂದ್ರದ ಒಳಭದ್ರತಾ ಇಲಾಖೆಯ, ತಪ್ಪು ಹುಡುಕುವ ಅಧಿಕಾರಿ ಇನ್‌ಸ್ಪೆಕ್ಟರ್ ಜನರಲ್ ಲೆಕ್ಕ ನೋಡಿದರು. 2008ರಿಂದ ಕೊಟ್ಟ 53 ಕೋಟಿ ಡಾಲರ್‌ಗೂ ಹೆಚ್ಚು ದುಡ್ಡಿನಿಂದ ಏನಾಯಿತು ಅಂತ ತೋರಿಸುವ ನಂಬುವಂಥ ಮಾಹಿತಿಯೇ ಇಲ್ಲ ಅಂದರು. ನಮ್ಮೂರಿನ ಪಂಚಾಯ್ತಿ ಕಾಮಗಾರಿ ಬಗ್ಗೆ ಹೀಗೆ ಬರೆದಿದ್ದರೆ ಗ್ರಾಮಸಭೆಯಲ್ಲಿ ಕುರ್ಚಿ ಹಾರುತ್ತಿದ್ದವು. ಇಲ್ಲಿ ಯೋಜನೆ ಸುಮ್ನೆ ಮುಂದುವರಿಯಿತು.

ಬೇಡ ಅಂದವರೂ ಇದ್ದಾರೆ. ಅರಿಜೋನಾದ ಪಿಮಾ ಕೌಂಟಿ ನಡೆಸುವ ಚುನಾಯಿತ ಸೂಪರ್‌ವೈಸರ್‌ಗಳು 2018ರಲ್ಲಿ ಸ್ಟೋನ್‌ಗಾರ್ಡನ್‌ನ ಸುಮಾರು 14 ಲಕ್ಷ ಡಾಲರ್ ತಿರಸ್ಕರಿಸಿದರು. ಊರಿನ ಪೊಲೀಸರು ವಲಸೆ ಪೊಲೀಸರಾಗುವುದು ಬೇಡ ಅನ್ನೋದು ವಿರೋಧಿಗಳ ವಾದ. ಆದರೆ ಪಿಮಾ ಅಂದ್ರೆ ಟೂಸಾನ್ ನಗರ, ಹತ್ತು ಲಕ್ಷ ಜನ, ಸ್ವಂತ ಮೆಡಿಕಲ್ ಎಕ್ಸಾಮಿನರ್ ಕಚೇರಿ. 2019ರ ಜೂನ್‌ನಲ್ಲಿ ಲ್ಯೂಕ್‌ವಿಲ್ ಹತ್ತಿರ ಬಿಸಿಲಿಗೆ ಸತ್ತ ನಮ್ಮ ದೇಶದ ಆರು ವರ್ಷದ ಹುಡುಗಿಯ ಸಾವಿನ ಕಾರಣ ಹೇಳಿದ್ದೂ ಆ ಕಚೇರಿಯೇ. ತಾಯಿ ನೀರು ಹುಡುಕಲು ಹೋಗಿದ್ದಳು. ಅಷ್ಟು ಬಲ ಇರುವ ಕೌಂಟಿ ದುಡ್ಡು ಬೇಡ ಅನ್ನಬಹುದು. ಏಳು ಸಾವಿರ ಜನರ ಕೌಂಟಿ ಕೊಟ್ಟದ್ದನ್ನು ತೆಗೆದುಕೊಳ್ಳುತ್ತದೆ, ಕೊಟ್ಟವರು ಹೇಳಿದ ಕೆಲಸ ಮಾಡುತ್ತದೆ.

ನಾನು ಶೆರಿಫ್‌ಗಳನ್ನು ಬೈಯುತ್ತಿಲ್ಲ. ಅಟ್ಟಿಸಿಕೊಂಡು ಹೋದಾಗ ಬೇಲಿ ಮುರಿದು ರಾಂಚ್ ಒಳಗೆ ನುಗ್ಗುವ ಗಾಡಿ, ಎಲ್ಲರೂ ಇಳಿದು ದಿಕ್ಕಾಪಾಲಾಗಿ ಓಡುವುದು, ಇದಕ್ಕೆ ಅಲ್ಲಿ ‘ಬೇಲ್‌ಔಟ್’ ಅಂತಲೇ ಹೆಸರು. ಬೆಳಿಗ್ಗೆ ಬೇಲಿ ಕಟ್ಟುವವನು ರೈತ. ದನ ಹೈವೇಗೆ ಬಂದರೆ ಅಪಘಾತ ಬೇರೆ. ಅವರ ಸಿಟ್ಟು ಸುಳ್ಳಲ್ಲ. ಮನುಷ್ಯರ ಪರ ಅಂತ ಹೇಳಿಕೊಳ್ಳುವ ನಮ್ಮ ಕೆಲವು ಗೆಳೆಯರು ಈ ಬೇಲಿಯ ಮಾತು ಬಂದರೆ ನಗುತ್ತಾರೆ. ನನಗೆ ನಗು ಬರಲ್ಲ.

ಹಾಗಾದರೆ ಏನು ಮಾಡಬೇಕು? ಗಡಿಯ ಅಪಾಯ ಎಷ್ಟು ಅಂತ ಮಾತ್ರ ಅಳೆಯದೆ, ಊರಿನ ಮೇಲೆ ಎಷ್ಟು ಹೊರೆ ಬಿದ್ದಿದೆ ಅಂತ ಅಳೆಯಲಿ. 911ಕ್ಕೆ ಎಷ್ಟು ತುರ್ತು ಕರೆ, ಎಷ್ಟು ಹೆಣ, ಮುರಿದ ಬೇಲಿ ಎಷ್ಟು. ಆ 45 ಕೋಟಿಯಲ್ಲಿ ಒಂದು ಪಾಲನ್ನು ಹತ್ತು ಸಾವಿರಕ್ಕಿಂತ ಕಡಿಮೆ ಜನ ಇರುವ ಕೌಂಟಿಗಳಿಗೆ ಮುಂಗಡವಾಗಿ ಕೊಡಲಿ. ಶೆರಿಫ್ ಕೈಕೆಳಗಿನ ಡೆಪ್ಯುಟಿ ಬೇಕಾ, ಆಂಬುಲೆನ್ಸ್ ಬೇಕಾ, ಶವಪರೀಕ್ಷೆಯ ಬಾಕಿ ತೀರಿಸಬೇಕಾ ಅಂತ ಕೌಂಟಿಯವರೇ ತೀರ್ಮಾನಿಸಲಿ. ಕಾನೂನು ತಿದ್ದಬೇಕಾದರೆ ತಿದ್ದಲಿ. ಲೆಕ್ಕ ಕೇಳಲಿ, ಕಟ್ಟುನಿಟ್ಟಾಗಿಯೇ ಕೇಳಲಿ. ಆದರೆ ಎಷ್ಟು ಗಂಟೆ ಗಸ್ತು ತಿರುಗಿದಿರಿ ಅನ್ನೋದರ ಜೊತೆಗೆ, ಎಷ್ಟು ಜನರನ್ನು ಜೀವಂತ ಹುಡುಕಿದಿರಿ ಅಂತಲೂ ಆ ಫಾರಂನಲ್ಲಿ ಒಂದು ಕಾಲಂ ಇರಲಿ.