ಪ್ಲಾಸ್ಟಿಕ್ಕಿನವರು ಅಂಗಳಕ್ಕೆ ಬಂದಾಗ

"ತಿಂಗಳಿಗೆ ಐವತ್ತು ರೂಪಾಯಿ ಯಾಕೆ ಕೊಡಬೇಕು? ನಮ್ಮ ಪ್ಲಾಸ್ಟಿಕ್ಕನ್ನು ನಾವೇ ಬಚ್ಚಲ ಒಲೆಗೆ ಹಾಕಿದರೆ ಮುಗಿಯಿತಲ್ಲ" ಎಂಬ ಮಾತು ನಮ್ಮ ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯ ಊಟದ ಪಂಕ್ತಿಗಳಲ್ಲಿ ಈಗಲೂ ಕಿವಿಗೆ ಬೀಳುತ್ತದೆ. ಕೇಳಿದಾಗಲೆಲ್ಲ ಸಂಕಟವಾಗುತ್ತದೆ. ಸುಟ್ಟ ಪ್ಲಾಸ್ಟಿಕ್ಕಿನ ಹೊಗೆಯ ವಿಷ ಒಂದು ಕಡೆಗಿರಲಿ. ಹಣ ಕೇಳಲು ಬರುವವರೂ ಮನುಷ್ಯರು ಎಂಬ ನೆನಪೇ ಆ ಮಾತಿನಲ್ಲಿ ಇಲ್ಲ.

ಕೇರಳದಲ್ಲಿ ಪಂಚಾಯತ್‌ನ ಪರವಾಗಿ ಮನೆಮನೆಯಿಂದ ಪ್ಲಾಸ್ಟಿಕ್ ಕಸ ಒಯ್ಯಲು ಹಸಿರು ಕೋಟು ತೊಟ್ಟು ಬರುವ ಹರಿತ ಕರ್ಮಸೇನೆಯವರ ಬಗ್ಗೆ ಹೇಳುತ್ತಿದ್ದೇನೆ. ಹೆಚ್ಚಿನವರು ಕುಟುಂಬಶ್ರೀ ಎಂಬ ಮಹಿಳಾ ಸ್ವಸಹಾಯ ಸಂಘಗಳ ಹೆಂಗಸರು. ಸರಕಾರದ ಸಂಬಳ ಬರುತ್ತದೆ ಎಂದು ತಿಳಿದವರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ಹಾಗಿಲ್ಲ. ಮನೆಮನೆಯಿಂದ ಸಿಗುವ ಈ ಹಣವೇ ಅವರ ಸಂಪಾದನೆಯ ಮುಖ್ಯ ಪಾಲು. ನಾವು ಒಬ್ಬರು ಬಾಗಿಲು ಹಾಕಿಕೊಂಡರೆ ಅವರ ಕೂಲಿಯಲ್ಲಿ ಅಷ್ಟು ಕಡಿಮೆ.

ಎಣ್ಮಕಜೆ, ಪೈವಳಿಕೆ, ವರ್ಕಾಡಿಯಂಥ ಪಂಚಾಯತ್‌ಗಳಲ್ಲಿ ಮನೆಗಳು ಪೇಟೆಯಂತೆ ಸಾಲಾಗಿಲ್ಲ. ಒಂದು ಮನೆ ಗುಡ್ಡದ ತುದಿಯಲ್ಲಿ, ಇನ್ನೊಂದು ಅಡಿಕೆ ತೋಟದ ಆಚೆ, ನಡುವೆ ತೋಡು, ಅದಕ್ಕೊಂದು ಸಂಕ. ಮಳೆಗಾಲದಲ್ಲಿ ಕೆಂಪುಕಲ್ಲಿನ ಮೆಟ್ಟಿಲುಗಳ ಮೇಲೆ ಪಾಚಿ. ಅಲ್ಲಿ ಚೀಲ ಹೊತ್ತು ಇಳಿಯುವವರು ನಮ್ಮ ಅಕ್ಕತಂಗಿಯರ ವಯಸ್ಸಿನವರು. ಆಮೇಲೆ ಸಂಗ್ರಹ ಕೇಂದ್ರದಲ್ಲಿ ಕುಳಿತು ಎಲ್ಲವನ್ನೂ ಕೈಯಿಂದಲೇ ವಿಂಗಡಿಸಬೇಕು. ಹುಳಿತ ಹಾಲಿನ ಕವರ್, ಮೀನಿನ ನೀರು ಸುರಿಯುವ ತೊಟ್ಟೆ, ಒಮ್ಮೊಮ್ಮೆ ಮಗುವಿನ ಡೈಪರ್, ಹಳೆಯ ಬ್ಲೇಡ್. ಕವರನ್ನು ಕತ್ತರಿಸಿ, ತೊಳೆದು, ತಂತಿಗೆ ಸಿಕ್ಕಿಸಿ ಒಣಗಿಸಲು ನಮಗೆ ಎಷ್ಟು ಹೊತ್ತು ಬೇಕು? ಅಷ್ಟು ಮಾಡಿದರೆ ಯಾರದೋ ಕೈ ನಾರುವುದು ತಪ್ಪುತ್ತದೆ. ಬ್ಲೇಡನ್ನು ಬೇರೆಯೇ ಕಟ್ಟಿಟ್ಟು ಬಾಯಿಬಿಟ್ಟು ಹೇಳಿದರೆ ರಕ್ತ ಸುರಿಯುವುದು ತಪ್ಪುತ್ತದೆ. ಅವರು ಬರುವ ದಿನ ನಾಯಿಯನ್ನು ಕಟ್ಟಿಹಾಕುವುದೂ ಇದರಲ್ಲೇ ಸೇರಿತು.

2023ರಲ್ಲಿ ಮಲಪ್ಪುರಂ ಜಿಲ್ಲೆಯ ಪರಪ್ಪನಂಗಾಡಿಯ 11 ಮಂದಿ ಹರಿತ ಕರ್ಮಸೇನೆಯ ಹೆಂಗಸರು ಹಣ ಒಟ್ಟುಗೂಡಿಸಿ ಕೊಂಡ 250 ರೂಪಾಯಿಯ ಒಂದು ಟಿಕೆಟಿಗೆ ಕೇರಳ ಸರಕಾರದ ಮಾನ್ಸೂನ್ ಬಂಪರ್ ಲಾಟರಿಯ 10 ಕೋಟಿ ರೂಪಾಯಿ ಬಂತು. ಪತ್ರಿಕೆಗಳ ತುಂಬ ಅವರದೇ ಚಿತ್ರ. ನನಗೂ ಬಹಳ ಖುಷಿಯಾಗಿತ್ತು. ಆದರೆ ತಿಂಗಳು ತಿಂಗಳು ನಮ್ಮದೇ ಅಂಗಳಕ್ಕೆ ಬರುವವರ ಹೆಸರು ನಮಗೆ ತಿಳಿಯಲು ಕೋಟಿ ಬರಬೇಕೇ? "ಪ್ಲಾಸ್ಟಿಕ್ಕಿನವರು ಬಂದರು" ಎಂದು ಒಳಗೆ ಕೂಗಿ ಹೇಳುವ ಬದಲು, ಹೆಸರು ಕೇಳಿ ತಿಳಿದುಕೊಂಡು "ಬನ್ನಿ ಅಕ್ಕ" ಎನ್ನಬಹುದಲ್ಲ.

ಇನ್ನು ನೀರಿನ ವಿಷಯ. ಅಂಗಳಕ್ಕೆ ಬಂದವರಿಗೆ ಬೆಲ್ಲ, ನೀರು ಕೊಟ್ಟು ಮಾತಿಗೆ ತೊಡಗುವುದು ನಮ್ಮ ಕಡೆಯ ಪದ್ಧತಿ. ಕೆಲವು ಮನೆಗಳಲ್ಲಿ ಇವರಿಗೆ ಮಾತ್ರ ಪೇಪರ್ ಕಪ್ಪಿನಲ್ಲಿ ನೀರು ಬರುತ್ತದೆ. ನೆಂಟರಿಗೆ ಲೋಟ, ಇವರಿಗೆ ಬಿಸಾಡುವ ಕಪ್ಪು. ಇದನ್ನು ನೋಡಿದವರಿಗೆ ಅರ್ಥವಾಗುತ್ತದೆ, ಕುಡಿಯುವವರಿಗಂತೂ ಚೆನ್ನಾಗಿಯೇ ಅರ್ಥವಾಗುತ್ತದೆ. ಕೊಡುವುದಾದರೆ ಮನೆಯ ಲೋಟದಲ್ಲೇ ಕೊಡಿ.

ಲೋಟದಲ್ಲಿ ಕೊಟ್ಟರೂ ಅವರು ಬೇಡ ಎನ್ನುವುದುಂಟು. ನಮ್ಮ ವಾರ್ಡಿಗೆ ಬರುವ ಅಕ್ಕನೊಬ್ಬರು ಏಪ್ರಿಲ್‌ನ ಸುಡುಬಿಸಿಲಿನಲ್ಲೂ ಮಜ್ಜಿಗೆ ಬೇಡವೆಂದರು. ಸಂಕೋಚವೇನೋ ಎಂದು ನನ್ನ ತಾಯಿ ಒತ್ತಾಯಿಸಿದಾಗ ತಗ್ಗಿದ ಧ್ವನಿಯಲ್ಲಿ ಹೇಳಿದರು: "ಕುಡಿದರೆ ಮತ್ತೆ ಹೋಗುವುದು ಎಲ್ಲಿಗೆ ಅಮ್ಮ? ಸಂಜೆಯವರೆಗೆ ಹೀಗೆಯೇ ತಡೆದುಕೊಳ್ಳುತ್ತೇವೆ." ಬೆಳಗ್ಗಿನಿಂದ ಮನೆಯಿಂದ ಮನೆಗೆ ನಡೆಯುವ ಹೆಂಗಸರು ಶೌಚಾಲಯವಿಲ್ಲವೆಂದು ಬಾಯಾರಿಕೆಯನ್ನೇ ನುಂಗಿಕೊಳ್ಳುತ್ತಾರೆ. ಮೂತ್ರದ ಸೋಂಕು ಬರಲು ಇದಕ್ಕಿಂತ ಬೇರೆ ಕಾರಣ ಬೇಕಾಗಿಲ್ಲ. ಮುಟ್ಟಿನ ದಿನಗಳ ಪಾಡನ್ನು ಹೆಂಗಸರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ.

ಪಂಚಾಯತ್ ಮನಸ್ಸು ಮಾಡಿದರೆ ಪ್ರತಿ ವಾರ್ಡಿನಲ್ಲೂ ಅಂಗನವಾಡಿಯನ್ನೋ ವಾಚನಾಲಯವನ್ನೋ ಗುರುತಿಸಿ ಇವರಿಗೆ ಅಲ್ಲಿಯ ಬೀಗದ ಕೈ ಕೊಡಿಸಬಹುದು. ಗ್ರಾಮಸಭೆಯಲ್ಲಿ ನಾನು ಇದನ್ನು ಕೇಳುವವಳಿದ್ದೇನೆ, ನೀವೂ ನಿಮ್ಮಲ್ಲಿ ಕೇಳಿ. ಅಲ್ಲಿಯವರೆಗೆ ಆದೇಶಕ್ಕೆ ಕಾಯಬೇಕಾಗಿಲ್ಲ. ತೋಟದ ಕೆಲಸದವರಿಗೆಂದು ಮನೆಯ ಹೊರಗೆ ಕಟ್ಟಿಸಿದ ಶೌಚಾಲಯ ನಮ್ಮಲ್ಲಿ ಎಷ್ಟೋ ಮನೆಗಳಲ್ಲಿದೆ. ಚಿಲಕ ಸರಿಯಿದೆಯೇ ನೋಡಿ, ಬಕೆಟಿನಲ್ಲಿ ನೀರು ತುಂಬಿಸಿಡಿ. ಅವರು ಬಂದೊಡನೆ ಮನೆಯ ಹೆಂಗಸರೇ ಮೊದಲು ಹೇಳಿಬಿಡಿ. ಕೇಳುವ ಮುಜುಗರವನ್ನು ಅವರಿಗೆ ಬಿಡಬೇಡಿ.