ಡೇವಿಡ್‌ನ ಎಲೆ: ಫಾರ್ವರ್ಡ್ ಆಗುತ್ತಿರುವ ಚಿತ್ರದ ಸತ್ಯಾಂಶ

‘ಮೈಕೆಲೇಂಜೆಲೊನ ಡೇವಿಡ್ ವಿಗ್ರಹದ ಅಂಗವನ್ನು ಒಡೆದು ಎಲೆ ಅಂಟಿಸಿದ್ದಾರೆ’ ಎಂಬ ಒಕ್ಕಣೆಯೊಂದಿಗೆ, ದೊಡ್ಡದೊಂದು ಅಂಜೂರದ ಎಲೆಯ ಚಿತ್ರ ವಾಟ್ಸ್ಆ್ಯಪ್‌ನಲ್ಲಿ ಓಡಾಡುತ್ತಿದೆ. ಡೇವಿಡ್ ಎಂದರೆ ಇಟಲಿಯ ಶಿಲ್ಪಿ ಮೈಕೆಲೇಂಜೆಲೊ ಕೆತ್ತಿದ ನಗ್ನ ಯುವಕನ ವಿಗ್ರಹ. ಎಲೆ ನಿಜ, ಕಥೆ ಸುಳ್ಳು.

ಆ ಎಲೆ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನದು. 1857ರಲ್ಲಿ ಇಟಲಿಯ ಟಸ್ಕನಿ ಪ್ರಾಂತ್ಯದ ದೊರೆ ವಿಕ್ಟೋರಿಯಾ ರಾಣಿಗೆ ಡೇವಿಡ್‌ನ ಪೂರ್ಣ ಗಾತ್ರದ ಪ್ಲಾಸ್ಟರ್ ಅಚ್ಚನ್ನು, ಅಂದರೆ ನಕಲು ವಿಗ್ರಹವನ್ನು, ಕಳುಹಿಸಿದ. ಆಕೆ ಅದನ್ನು ಮ್ಯೂಸಿಯಂಗೆ ಕೊಟ್ಟಳು. ಎಲೆಯೂ ಪ್ಲಾಸ್ಟರಿನದೇ, ಎತ್ತರ ಸುಮಾರು 40 ಸೆಂ.ಮೀ. ಅಚ್ಚಿಗೆ ಎರಡು ಕೊಕ್ಕೆ ಹಾಕಿದ್ದರು. ರಾಜಮನೆತನದವರು ಬಂದಾಗ ನಗ್ನತೆ ಮುಚ್ಚಲು ಎಲೆ ತೂಗುಹಾಕುವುದು, ಹೋದಮೇಲೆ ತೆಗೆದಿಡುವುದು, ಅಷ್ಟೇ! ಒಡೆಯುವ ಮಾತೇ ಇಲ್ಲ. ಈಗ ಆ ಎಲೆ ಪೀಠದ ಹಿಂಭಾಗದಲ್ಲಿ ಗಾಜಿನ ಪೆಟ್ಟಿಗೆಯೊಳಗಿದೆ. ಅಮೃತಶಿಲೆಯ ಮೂಲ ಡೇವಿಡ್ 1873ರಿಂದ ಫ್ಲಾರೆನ್ಸ್‌ನ ಅಕಾಡೆಮಿಯಾ ಗ್ಯಾಲರಿಯಲ್ಲಿದೆ. ಈಗ ಅದಕ್ಕೆ ಎಲೆಯಿಲ್ಲ.

ಮುಚ್ಚುವ ಚಟ ಇರಲಿಲ್ಲವೆಂದಲ್ಲ. ವ್ಯಾಟಿಕನ್‌ನಲ್ಲಿ ಮೈಕೆಲೇಂಜೆಲೊನದೇ ‘ಅಂತಿಮ ತೀರ್ಪು’ ಭಿತ್ತಿಚಿತ್ರದ ನಗ್ನ ಆಕೃತಿಗಳಿಗೆ 1565ರಲ್ಲಿ ದಾನಿಯೇಲೆ ದ ವೊಲ್ತೆರ್ರಾ ಎಂಬ ಚಿತ್ರಕಾರ ಬಟ್ಟೆ ಬರೆದ. ಪಾಪ, ‘ಚಡ್ಡಿ ಹೊಲಿಯುವವ’ ಎಂಬರ್ಥದ ಅಡ್ಡಹೆಸರು ಅವನಿಗೆ ಖಾಯಂ ಆಯಿತು.

ಶಿಲ್ಪದ ಫೋಟೊ ನೀವೇ ತೆಗೆಯುವಾಗ ಎದುರಿನ ಫ್ಲ್ಯಾಷ್ ಬೇಡ. ನೆರಳೆಲ್ಲ ಅಳಿದು ಕಲ್ಲು ಚಪ್ಪಟೆಯಾಗುತ್ತದೆ. ಪಕ್ಕದಿಂದ ಓರೆಯಾಗಿ ಬೀಳುವ ಬೆಳಕಿನಲ್ಲಿ ಜೂಮ್ ಮಾಡಿ: ನಂತರ ಕೂಡಿಸಿದ ಎಲೆಯಿದ್ದರೆ ಅದರ ಸುತ್ತ ಸಣ್ಣ ಬೆಸುಗೆಗೆರೆ ಕಂಡೀತು. ಒಡೆದ ಜಾಗವೆಲ್ಲ ಉಳಿಯ ಏಟೂ ಅಲ್ಲ. ವಿಗ್ರಹ ಉರುಳಿದಾಗ ಮೂಗು, ಬೆರಳಿನಂಥ ಚಾಚಿದ ಭಾಗಗಳೇ ಮೊದಲು ಮುರಿಯುವುದು.